ಶಾಮಿಯಾನದವರ ಕಾರು

ನಮ್ಮ ಮನೆ ಮಾಲೀಕರ ಟೀವಿ ರಿಮೋಟನ್ನು ಹನ್ನೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ಬರಿಮೈಯಲ್ಲಿ ನೋಡಲಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಅಂಗಿ. ಟೀವಿಗೆ ಕ್ರೋಶಾ ಹೆಣೆದ ಮುಸುಕು. ಫ್ರಿಜ್ಜಿನ ತಲೆಗೊಂದು ಬಟ್ಟೆ, ಹಿಡಿಗಿನ್ನೊಂದು. ಮಿಕ್ಸಿ, ಗ್ರೈಂಡರು, ನೀರಿನ ಫಿಲ್ಟರು ಎಲ್ಲವೂ ಮರ್ಯಾದೆಯಾಗಿ ಮೈಮುಚ್ಚಿಕೊಂಡು ಕೂತಿರುತ್ತಿದ್ದವು. ಗೇಟಿನ ಬೀಗಕ್ಕೆ ಕೂಡ ಮಳೆ ತಾಗದಂತೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಒಂದು ಟೋಪಿ ಮಾಡಿದ್ದರು. ಮೊದಲ ಸಲ ಬಾಡಿಗೆಗೆ ಮನೆ ಕೇಳಲು ಹೋದಾಗ, ತಡವಾದರೆ ನನ್ನನ್ನೂ ಎಲ್ಲಿ ಮುಚ್ಚಿಡುತ್ತಾರೋ ಎಂದು ಸೋಫಾದ ತುದಿಯಲ್ಲೇ ಕೂತಿದ್ದೆ. ಸೋಫಾದ ಪ್ಲಾಸ್ಟಿಕ್ಕು ನಾನು ಅಲುಗಿದಾಗಲೆಲ್ಲ ಪರಪರ ಎನ್ನುತ್ತಿತ್ತು.

ಇದು ಅವರಿಗೆ ಕಸುಬಿನಿಂದ ಅಂಟಿದ್ದು. ಪುಟ್ಟೇನಹಳ್ಳಿಯ ಹಳೆಯ ಕುಟುಂಬ ಅವರದು. ಅವರ ಅಪ್ಪ ಕೆರೆಯ ಹಿಂಭಾಗದಲ್ಲಿ ಹುರುಳಿಕಾಯಿ, ಸೊಪ್ಪು ಬೆಳೆಯುತ್ತಿದ್ದರಂತೆ. ಜಮೀನೆಲ್ಲ ಲೇಔಟಾದ ಮೇಲೆ ಮಗ ಉಳಿದ ತುಂಡು ಜಾಗದಲ್ಲಿ ಮನೆ ಕಟ್ಟಿ, ಕೆಳಗಡೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ನಮ್ಮ ಬೀದಿಯಿಂದ ಹಿಡಿದು ಬಿಳೇಕಹಳ್ಳಿಯ ತನಕ ನಾಮಕರಣವಿರಲಿ ತಿಥಿಯಿರಲಿ, ನೆರಳು ಇವರದೇ. ಹಾಗಾಗಿ ಊರಿಗೆಲ್ಲ ಅವರು ಶಾಮಿಯಾನದವರು. ಎದುರಿಗೆ ಮಾತ್ರ ನಾನು ಅಂಕಲ್ ಎನ್ನುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಅವರ ಮೇಲ್ಮನೆಯಲ್ಲಿ ಬಾಡಿಗೆಗಿರುವವಳು. ಅವರ ಬಾಯಲ್ಲಿ ಟೀಚರಮ್ಮ.

ಕುಳ್ಳಗಿನ ಆಳು. ಬಿಳಿ ಶರ್ಟಿನ ಜೇಬಿನಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ. ಮಾತು ಆರಂಭಿಸುವುದೇ “ಈಗ ನೋಡಿ” ಎಂದು. ಹಾಗೆಂದರೆ ಮುಂದಿನ ಅರ್ಧ ಗಂಟೆ ನಮ್ಮದಲ್ಲ ಎಂದು ಅರ್ಥ.

ಅವರ ಹೆಂಡತಿಗೆ, ಅಂದರೆ ಆಂಟಿಗೆ, ಕಾರು ಆಗುತ್ತಿರಲಿಲ್ಲ. ಬಸ್ಸೂ ಆಗುತ್ತಿರಲಿಲ್ಲ. ಆಟೋದಲ್ಲಿ ಬನಶಂಕರಿ ಗುಡಿಯ ತನಕ ಹೇಗೋ ಗಾಳಿಗೆ ಮುಖವೊಡ್ಡಿ ಹೋಗಿಬರುತ್ತಿದ್ದರು. ಅದಕ್ಕಿಂತ ದೂರವೆಂದರೆ ಹಿಂದಿನ ರಾತ್ರಿಯಿಂದಲೇ ಊಟವಿಲ್ಲ, ಬೆಳಗ್ಗೆ ಒಂದು ಗುಟುಕು ನೀರೂ ಇಲ್ಲ, ಮೂಗಿನ ಹತ್ತಿರ ನಿಂಬೆಹಣ್ಣು, ಮಡಿಲಲ್ಲಿ ಕವರು. ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡರೂ ಕೋಣನಕುಂಟೆ ದಾಟುವಷ್ಟರಲ್ಲಿ ವಾಂತಿ.

ಅವರ ಅಕ್ಕ ಇದ್ದದ್ದು ಹಲಗೂರಿನಲ್ಲಿ. ಆ ಅಕ್ಕನಿಗೆ ಮಂಡಿ ನೋವು, ಮೆಟ್ಟಿಲು ಇಳಿಯುವುದೇ ಕಷ್ಟ. ಒಬ್ಬರಿಗೆ ಮಂಡಿ, ಒಬ್ಬರಿಗೆ ಹೊಟ್ಟೆ, ನಡುವೆ ಎಂಬತ್ತು ಚಿಲ್ಲರೆ ಕಿಲೋಮೀಟರು ರಸ್ತೆ. ನಾಲ್ಕು ವರ್ಷದಿಂದ ಮುಖ ನೋಡಿರಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಫೋನು ಮಾತ್ರ ತಪ್ಪುತ್ತಿರಲಿಲ್ಲ. ವಿಡಿಯೋ ಕಾಲ್ ಮಾಡಿದರೆ ಅಕ್ಕನ ಹಣೆಯೂ ಅವರ ಮನೆಯ ಫ್ಯಾನೂ ಕಾಣಿಸುತ್ತಿದ್ದವು, ಅದರ ಕೆಳಗಿನದು ಏನೂ ಇಲ್ಲ. ಒಂದು ದಿನ ಅಕ್ಕ, ನಿನ್ನ ಮುಖವೇ ಮರೆತುಹೋಯಿತು ಎಂದರಂತೆ. ಆಂಟಿ ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಅಂಗಡಿಯ ಬಾಗಿಲಿನಿಂದ ಶಾಮಿಯಾನದವರು ನೋಡಿಬಿಟ್ಟರು. ಕಾರಿನ ಕತೆ ಶುರುವಾದದ್ದು ಅಲ್ಲಿ.

ಮುಂದಿನ ವಾರವೆಲ್ಲ ಸೆಕೆಂಡ್‌ಹ್ಯಾಂಡ್ ಕಾರು ಮಾರುವವರ ಬಳಿ ಅಲೆದರು. ಎಲ್ಲರೂ ಮುಂದೆ ಕೂತು ಸ್ಟೇರಿಂಗ್ ಹಿಡಿದು ನೋಡಿದರೆ ಇವರು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ಹೆಂಡತಿಗೆ ಹೇಗನ್ನಿಸುತ್ತದೆ ಎಂದು ತಿಳಿಯಬೇಕಲ್ಲ. ಒಂದು ಕಡೆ ಹಾಗೇ ನಿದ್ದೆ ಹೋಗಿ, ಅಂಗಡಿಯವನು ಬಂದು ಭುಜ ತಟ್ಟಿ ಎಬ್ಬಿಸಿದನಂತೆ. ಪೆಟ್ರೋಲು ಕಾರು ವಾಸನೆ, ಡೀಸೆಲು ಕಾರು ನಡುಗುತ್ತದೆ, ಬರೀ ಕರೆಂಟಿನದಾದರೆ ದಾರಿಯಲ್ಲಿ ಚಾರ್ಜಿಗೆಲ್ಲಿ ಹುಡುಕುವುದು ಎಂದು ಲೆಕ್ಕ ಹಾಕಿ ಕೊನೆಗೆ ಒಂದು ಹೈಬ್ರಿಡ್ ಕಾರು ತಂದರು. ಇಂಜಿನ್ನೂ ಇದೆ, ದೊಡ್ಡ ಬ್ಯಾಟರಿಯೂ ಇದೆ; ಮೆಲ್ಲಗೆ ಹೋಗುವಾಗ ಇಂಜಿನ್ನು ತಾನಾಗಿ ಸುಮ್ಮನಾಗುತ್ತದೆ. ಗೇಟಿನೊಳಗೆ ಅದು ಸದ್ದಿಲ್ಲದೆ ಜಾರಿ ಬಂದಾಗ ಅವರ ಮುಖ ನೋಡಬೇಕಿತ್ತು. ಆಂಟಿ ಆರತಿ ಎತ್ತಿ, ಕಾರನ್ನು ಒಂದು ಸುತ್ತು ನೋಡಿ, ಮೊದಲು ಬೇರೆ ಯಾರನ್ನಾದರೂ ಕೂರಿಸಿ ನೋಡಿ ಎಂದು ಹೇಳಿ ಒಳಗೆ ಹೋದರು.

ಅಲ್ಲಿಂದ ಎರಡು ವರ್ಷ ಆ ಕಾರಿಗೆ ಅಪ್‌ಗ್ರೇಡು. ಈ ಪದವನ್ನು ಅವರು ಎಲ್ಲಿಂದ ಹಿಡಿದು ತಂದರೋ, ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರ ಪಾಲಿಗೆ ಅಪ್‌ಗ್ರೇಡು ಎಂದರೆ ಇನ್ನೂ ಒಂದು ಪದರ ಎಂದರ್ಥ. ಮೊದಲು ಕಾರಿಗೇ ಒಂದು ಶಾಮಿಯಾನ ಬಂತು: ಅಂಗಳದಲ್ಲಿ ನಾಲ್ಕು ಕಂಬ, ಮೇಲೆ ಕೆಂಪು ಹಳದಿ ಬಟ್ಟೆ, ಸುತ್ತ ಜಾಲರಿ. ದಾರಿಯಲ್ಲಿ ಹೋಗುವವರು ಏನು ವಿಶೇಷ ಎಂದು ಕೇಳುತ್ತಿದ್ದರು, ಊಟದ ಹೊತ್ತಾದರೆ ಒಂದಿಬ್ಬರು ಒಳಗೂ ಬರುತ್ತಿದ್ದರು. ಆಮೇಲೆ ಬಾಗಿಲುಗಳ ಒಳಮೈಯನ್ನು ಬಿಚ್ಚಿ, ರಸ್ತೆಯ ಸದ್ದು ಬಾರದಿರಲೆಂದು ಮದುವೆ ಹಾಲಿನ ಹಳೇ ಕಾರ್ಪೆಟ್ಟು ತುಂಬಿದರು. ಸೀಟಿಗೆ ಪ್ಲಾಸ್ಟಿಕ್ಕು, ಅದರ ಮೇಲೆ ರೆಕ್ಸಿನ್ನು. ಹಿಂದಿನ ಸೀಟಿನ ಎಡಬದಿ ಆಂಟಿಯ ಜಾಗ. ಅಲ್ಲಿ ಕೆಳಗಿನಿಂದ ಮೊಣಕೈ ತನಕ ಹತ್ತಿ ತುಂಬಿದ ದಪ್ಪ ಹಾಸಿಗೆ, ಹಾಸಿಗೆಗೆ ಕ್ರೋಶಾ ಹೊದಿಕೆ. ಎಲ್ಲವನ್ನೂ ತಾವೇ ಅಂಗಡಿಯ ಹೊಲಿಗೆ ಯಂತ್ರದಲ್ಲಿ ಕೂತು ಹೊಲಿದರು. ಹೊಲಿಗೆ ಮಾತ್ರ ಎಲ್ಲೂ ಸೊಟ್ಟಗಿರಲಿಲ್ಲ, ಅದನ್ನು ಹೇಳಲೇಬೇಕು.

ಧೈರ್ಯಸ್ಥರೇ ಆದರೂ ಒಂದಕ್ಕೆ ಹೆದರುತ್ತಿದ್ದರು. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರುಗಳಿರುತ್ತವೆ, ಅವುಗಳಲ್ಲಿ ಹರಿಯುವ ಕರೆಂಟು ಮನುಷ್ಯನನ್ನು ಉಳಿಸುವುದಿಲ್ಲ. ಅದನ್ನು ಅವರು ಯಮಪಾಶ ಎಂದು ಕರೆಯುತ್ತಿದ್ದರು, ಅದರ ಹತ್ತಿರಕ್ಕೂ ಸ್ಪ್ಯಾನರು ಒಯ್ಯುತ್ತಿರಲಿಲ್ಲ. ಆಯುಧಪೂಜೆಯ ದಿನ ಬಾನೆಟ್ಟು ತೆರೆದು, ಉದ್ದನೆಯ ಕೋಲಿನ ತುದಿಗೆ ಹತ್ತಿ ಸುತ್ತಿ, ದೂರದಿಂದಲೇ ಯಮಪಾಶಕ್ಕೆ ಕುಂಕುಮ ಇಟ್ಟರು.

ಇನ್ನೊಂದು ಸಂಗತಿ ಆ ಕಾರಿನ ಪರದೆ. ಡ್ಯಾಶ್‌ಬೋರ್ಡಿನ ನಡುವೆ ಟೀವಿಯಂಥದ್ದು. ಇಂಜಿನ್ನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಕರೆಂಟು ಹೋಗುವುದನ್ನು ಅದರಲ್ಲಿ ಬಾಣಗಳು ಓಡಾಡಿ ತೋರಿಸುತ್ತವೆ. ನಿಂತ ಕಾರಿನಲ್ಲಿ ಒಮ್ಮೆ ಆಂಟಿ ಇಣುಕಿ ನೋಡಿದಾಗ ಅವರು ಕಾರನ್ನು ಚೂರು ಮುಂದೆ ಸರಿಸಿದ್ದಾರೆ, ಬಾಣಗಳು ಓಡಿವೆ, ಆಂಟಿಗೆ ತಲೆ ತಿರುಗಿದೆ. ಸಂಜೆಯೊಳಗೆ ಪರದೆಗೊಂದು ಪರದೆ ಬಂತು. ನೀಲಿ ಸ್ಯಾಟಿನ್ನು, ಕೆಳಗೆ ಸಣ್ಣ ಜಾಲರಿ, ಎಳೆದು ಕಟ್ಟಲು ದಾರ.

ಬೇರೆ ಯಾರನ್ನಾದರೂ ಎಂದು ಆಂಟಿ ಹೇಳಿದ್ದರಲ್ಲ, ಆ ಬೇರೆಯವಳು ನಾನೇ. ಬಾಡಿಗೆಗಿರುವವರು ಓನರಿಗೆ ಇಲ್ಲವೆನ್ನುವುದುಂಟೆ? ಭಾನುವಾರ ಬೆಳಗ್ಗೆ ಆರೂವರೆಗೆ ಕೆಳಗಿನಿಂದ ಕೂಗು ಬರುತ್ತಿತ್ತು. ಆಂಟಿಯ ಜಾಗದಲ್ಲಿ ನನ್ನನ್ನು ಕೂರಿಸಿ, ಕೈಗೆ ಅಂಗಡಿಯದೊಂದು ಸ್ಟೀಲ್ ಲೋಟ ಕೊಟ್ಟು, ಕಂಠದ ತನಕ ನೀರು ತುಂಬಿಸುತ್ತಿದ್ದರು. ಆಮೇಲೆ ಕೆರೆಯ ಬದಿಯ ರಸ್ತೆ, ಅಲ್ಲಿನ ಹಂಪುಗಳು, ಅಗೆದುಬಿಟ್ಟ ಗುಂಡಿಗಳು ಎಲ್ಲದರ ಮೇಲೂ ಒಂದು ಸುತ್ತು. ವಾಪಸು ಬಂದು ಲೋಟದಲ್ಲಿ ಉಳಿದ ನೀರನ್ನು ಅಳತೆ ಟೇಪು ಇಳಿಬಿಟ್ಟು ನೋಡುತ್ತಿದ್ದರು. ಉಳಿಯದ ನೀರೆಲ್ಲ ನನ್ನ ಸೀರೆಯ ಮೇಲೆ. ನಾನು ಹಾಗೆ ಇಳಿಯುವಾಗ ಎದುರುಮನೆಯವರು ನೋಡಿಯೂ ನೋಡದವರಂತೆ ರಂಗೋಲಿ ಮುಂದುವರಿಸುತ್ತಿದ್ದರು.

ಒಂದು ಭಾನುವಾರ ತಾಳ್ಮೆ ತಪ್ಪಿ, ನೀರು ಚೆಲ್ಲುವುದು ಕಾರಿನಿಂದಲ್ಲ, ನೀವು ಬ್ರೇಕ್ ಒತ್ತುವುದರಿಂದ ಎಂದುಬಿಟ್ಟೆ. ಅವರಿಗೆ ಬೇಜಾರಾಯಿತು. ಎರಡು ದಿನ “ಈಗ ನೋಡಿ” ಇಲ್ಲ. ಮೂರನೇ ದಿನ ಮೆಟ್ಟಿಲ ಕೆಳಗೆ ನಿಂತು ಕಾಯುತ್ತಿದ್ದರು.

“ಈಗ ನೋಡಿ ಟೀಚರಮ್ಮ, ಹಂಪ್ ಇನ್ನೂ ದೂರ ಇರ್ವಾಗ್ಲೇ ಬ್ರೇಕ್ ಮೇಲೆ ಸುಮ್ನೆ ಕಾಲಿಡ್ಬೇಕು. ಆಗ ಓಡೋ ಚಕ್ರನೇ ಕರೆಂಟ್ ಮಾಡಿ ವಾಪಸ್ ಬ್ಯಾಟ್ರಿಗೆ ಕೊಡುತ್ತೆ. ನಿಮ್ಮ ಲೋಟನೂ ಉಳೀತು, ನನ್ನ ಬ್ಯಾಟ್ರಿನೂ ತುಂಬ್ತು.”

ಮುಂದಿನ ಭಾನುವಾರ ಒಂದೇ ಬೆರಳಿನಷ್ಟು ನೀರು ಕಡಿಮೆಯಾಗಿತ್ತು. ಅವರು ಲೋಟವನ್ನು ಎತ್ತಿ ಹಿಡಿದು ಒಳಗೆ ಹೋಗಿ ಹೆಂಡತಿಗೆ ತೋರಿಸಿದರು. ಹಲಗೂರಿಗೆ ದಿನ ಗೊತ್ತಾಯಿತು.

ಬೇಸಿಗೆ ರಜೆಯ ಒಂದು ಬೆಳಗ್ಗೆ ಹೊರಟೆವು. ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಎರಡು ವರ್ಷ ಲೋಟ ಹಿಡಿದವಳಿಗೆ ಅಷ್ಟು ಹಕ್ಕಿತ್ತು. ಆಂಟಿ ಹಾಸಿಗೆಯಲ್ಲಿ ಹೂತು ಕೂತಿದ್ದರು, ಮೂಗಿಗೆ ನಿಂಬೆಹಣ್ಣು, ಕಣ್ಣು ಮುಚ್ಚಿತ್ತು. ಕೋಣನಕುಂಟೆ ದಾಟಿತು. ಹಾರೋಹಳ್ಳಿ ದಾಟಿತು. ಶಾಮಿಯಾನದವರು ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ, ನನ್ನ ಕಡೆಗೆ ಹುಬ್ಬು ಹಾರಿಸುತ್ತ, ಒಂದು ಮಾತೂ ಆಡದೆ ಓಡಿಸಿದರು. ಕನಕಪುರ ದಾಟಿದ ಮೇಲೆ ಸೀಟಿನ ಹಿಂದೆಲ್ಲೋ ಗೊರ್ ಎನ್ನುವ ಸದ್ದು ಕೇಳಿದಂತಾಯಿತು. ನೀಲಿ ಸ್ಯಾಟಿನ್ನಿನ ಹಿಂದೆ ಏನೋ ಟಿಂಗ್ ಎಂದಿತು. ನಾನು ದಾರಕ್ಕೆ ಕೈ ಹಾಕಿದರೆ, ಬೇಡ, ಅವಳು ನೋಡಿದರೆ ತಲೆ ತಿರುಗುತ್ತದೆ ಎಂದು ತಡೆದರು. ಇನ್ನೂ ನಾಲ್ಕು ಸಲ ಟಿಂಗ್ ಎಂದಿತು. ಆಮೇಲೆ ಕಾರು ಭಾರವಾಯಿತು. ಇಂಜಿನ್ನು ಸುಮ್ಮನಾಗದೆ ಅರಚತೊಡಗಿತು, ಏರಿನಲ್ಲಿ ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕುವಂತಾಯಿತು. ಸಾತನೂರು ಇನ್ನೂ ದೂರವಿರುವಾಗಲೇ ಒಂದು ಹುಣಿಸೆಮರದ ಕೆಳಗೆ ನಿಲ್ಲಿಸಿದರು.

ಸ್ಯಾಟಿನ್ನು ಸರಿಸಿದೆ. ಬ್ಯಾಟರಿ ವಿಪರೀತ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಎಂದು ಪರದೆ ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿತ್ತು. ಎಷ್ಟು ಹೊತ್ತಿನಿಂದಲೋ ಪಾಪ.

ಅವರು ಬಾನೆಟ್ಟು ತೆರೆದರು, ಮುಚ್ಚಿದರು. ಬ್ಯಾಟರಿ ಇರುವುದು ಹಿಂದೆ ಎಂದು ನೆನಪಾಗಿ ಡಿಕ್ಕಿ ತೆರೆದರು. ಅಲ್ಲಿ ದಾರಿಗೆ ಬೇಕಾದೀತೆಂದು ತಂದಿದ್ದ ಒಂದು ಸಣ್ಣ ಶಾಮಿಯಾನ ಮತ್ತು ಎರಡು ಮಡಚುವ ಕುರ್ಚಿಗಳಿದ್ದವು. ಅವನ್ನು ಇಳಿಸಿ ನೋಡಿದರೂ ಏನೂ ತಿಳಿಯಲಿಲ್ಲ. ಕೊನೆಗೆ ರಸ್ತೆ ಬದಿಯಲ್ಲಿ ಒಂದು ಕುರ್ಚಿ ಬಿಡಿಸಿ ಕೂತುಬಿಟ್ಟರು. ಆ ಮನುಷ್ಯ ಬರಿಗೈಯಲ್ಲಿ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕನಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳುವುದು ಹೇಗೆ ಎಂದಷ್ಟೇ ಕೇಳಿದರು. ನಾನು ಉಳಿದ ಕುರ್ಚಿಯನ್ನೂ ಬಿಡಿಸಿದೆ.

ಆಗ ಆಂಟಿ ಕಣ್ಣುಮುಚ್ಚಿಕೊಂಡೇ ಒಳಗಿನಿಂದ ಹೇಳಿದರು.

“ರೀ, ಇಲ್ಲಿ ನನ್ ಪಕ್ಕದಲ್ಲಿ ಏನೋ ಆಗ್ಲಿಂದ ಉಸಿರು ಎಳೀತಾ ಒದ್ದಾಡ್ತಿದೆ. ಹಾಸಿಗೆ ಒಳಗಡೆ. ನಂಗೇ ಉಸಿರು ಕಟ್ತಿದೆಯಲ್ಲ, ಅದ್ಕೆ ಹಂಗನ್ಸುತ್ತೇನೋ ಅಂತ ಸುಮ್ನಿದ್ದೆ.”

ಶಾಮಿಯಾನದವರು ಎದ್ದರು. ಆಂಟಿಯನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿ, ಕ್ರೋಶಾ ತೆಗೆದರು, ಹಾಸಿಗೆ ತೆಗೆದರು, ರೆಕ್ಸಿನ್ನು ತೆಗೆದರು, ಪ್ಲಾಸ್ಟಿಕ್ಕು ಹರಿದರು. ಸೀಟಿನ ಎಡಬದಿಯಲ್ಲಿ ಅಂಗೈಯಗಲದ ಒಂದು ಜಾಲರಿ ಕಿಂಡಿ ಕಾಣಿಸಿತು. ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನು ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. ಅವರು ಒಂದು ಹೊದಿಕೆಯನ್ನಲ್ಲ, ನಾಲ್ಕನ್ನು ಅದರ ಬಾಯಿಗೆ ಒತ್ತಿದ್ದರು. ಕಿಂಡಿಯ ಮುಂದೆ ಕೈಯಿಟ್ಟು ನೋಡಿದರು.

“ನಾನೇ ಮುಚ್ಚಿದ್ದು,” ಎಂದರು.

ಆಂಟಿಗೆ ಗಾಳಿ ತಾಗಿ ಮುಖಕ್ಕೆ ಜೀವ ಬಂದಿತ್ತು. ಈಗ ಹೇಳಿಬಿಡೋಣ ಎನ್ನಿಸಿತೋ ಏನೋ, ಹೇಳಿದರು. ಈ ಕಾರಿನಲ್ಲಿ ಹೊಟ್ಟೆ ತೊಳಸುವುದು ಅದರ ಓಟದಿಂದಲ್ಲವಂತೆ. ಆ ಪ್ಲಾಸ್ಟಿಕ್ಕು, ರೆಕ್ಸಿನ್ನು, ಹಳೇ ಕಾರ್ಪೆಟ್ಟಿನ ವಾಸನೆಗಂತೆ. ಕಾರು ನಿಂತಿದ್ದಾಗ ಒಳಗೆ ಕೂತರೂ ಹಾಗೇ ಆಗುತ್ತಿತ್ತಂತೆ.

“ಮತ್ತೆ ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?”

“ಅಷ್ಟು ಕಷ್ಟಪಟ್ಟು ಕೂತ್ಕೊಂಡು ಹೊಲೀತಿದ್ರಿ. ಹೆಂಗ್ ಹೇಳ್ಲಿ?”

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಹುಣಿಸೆಮರ ನೋಡಿದೆ.

ಅರ್ಧ ಗಂಟೆ ಎಲ್ಲ ಬಾಗಿಲು ತೆರೆದಿಟ್ಟೆವು. ಶಾಮಿಯಾನದವರು ಅಷ್ಟರಲ್ಲಿ ಬಾಗಿಲಿನ ಕಾರ್ಪೆಟ್ಟನ್ನೂ ಕಿತ್ತರು, ಸ್ಯಾಟಿನ್ನನ್ನೂ ಬಿಚ್ಚಿದರು. ಎರಡು ವರ್ಷದ ಅಪ್‌ಗ್ರೇಡು ಒಂದು ದೊಡ್ಡ ಗಂಟಾಗಿ ಡಿಕ್ಕಿಯಲ್ಲಿ ಹಿಡಿಸದೆ ನನ್ನ ತೊಡೆಯೇರಿತು. ಕಾರು ಮತ್ತೆ ಹೂವಿನಂತೆ ಹೊರಟಿತು. ಕಿಟಕಿ ಇಳಿಸಿ, ಬರಿ ಸೀಟಿನಲ್ಲಿ ಕೂತು, ಆಂಟಿ ವಾಂತಿಯಿಲ್ಲದೆ ಹಲಗೂರು ಮುಟ್ಟಿದರು. ಆರು ವರ್ಷದ ಮೇಲೆ ತಂಗಿಯನ್ನು ಕಂಡ ಅಕ್ಕ ಮೊದಲು ಹೇಳಿದ್ದು, ಎಷ್ಟು ದಪ್ಪಗಾಗಿದ್ದೀಯ ಎಂದು. ಆಮೇಲೆ ಇಬ್ಬರೂ ಅತ್ತರು. ಹತ್ತಿಯ ಹಾಸಿಗೆ ಅಕ್ಕನ ಮಂಚಕ್ಕೆ ಸರಿಹೋಯಿತು, ಅಲ್ಲೇ ಉಳಿಯಿತು. ಶಾಮಿಯಾನದವರು ಊಟವಾದ ಮೇಲೆ ಆ ಮನೆಯ ಟೀವಿಯನ್ನು ನೋಡಿ ಅದಕ್ಕೊಂದು ಬಟ್ಟೆಯಿಲ್ಲವಲ್ಲ ಎಂದು ನೊಂದುಕೊಂಡು, ನೀಲಿ ಸ್ಯಾಟಿನ್ನನ್ನು ಅದಕ್ಕೆ ಕೊಟ್ಟರು. ಅರ್ಧ ಟೀವಿಗಷ್ಟೇ ಆಯಿತು.

ಆಮೇಲೆ ತಿಂಗಳಿಗೊಂದು ಸಲ ಹಲಗೂರು. ಕಾರಿನ ಒಳಗೆ ಒಂದು ಕರ್ಚೀಫನ್ನೂ ಹಾಸುತ್ತಿರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಆ ಕಿಂಡಿಯ ಧೂಳು ತೆಗೆಯುವುದು ಅವರ ವಾರದ ಕೆಲಸವಾಯಿತು. ಅಷ್ಟಾದರೂ ಅಪ್‌ಗ್ರೇಡು ಮುಗಿದಿಲ್ಲ ಎನ್ನುತ್ತಿದ್ದರು. ವಾಂತಿ ನಿಂತಿತ್ತು ನಿಜ, ಆದರೆ ಆಂಟಿ ಈಗಲೂ ಹೊರಡುವ ದಿನ ನೀರು ಮುಟ್ಟುತ್ತಿರಲಿಲ್ಲ, ನಿಂಬೆಹಣ್ಣು ಬಿಡುತ್ತಿರಲಿಲ್ಲ. ಇವರು ಪ್ರತಿ ಸಲವೂ ಅದೇ ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಅವರ ಕೈಗೆ ಕೊಡುತ್ತಿದ್ದರು. ಆಂಟಿ ಅದನ್ನು ದೇವರ ತೀರ್ಥದಂತೆ ಹಿಡಿದುಕೊಂಡು ಹೋಗಿ, ಹಲಗೂರಿನಲ್ಲಿ ಅಕ್ಕನ ತುಳಸಿಗೆ ಹಾಕುತ್ತಿದ್ದರು.

“ಈ ಕಾರಲ್ಲಿ ಕೂತು ಅವ್ಳು ಹೆದರ್ದೆ ಒಂದು ಲೋಟ ನೀರು ಕುಡುದ್ರೆ ಸಾಕು ಟೀಚರಮ್ಮ,” ಎಂದು ನನಗೊಮ್ಮೆ ಹೇಳಿದರು. “ಅವತ್ತು ನನ್ ಕೆಲ್ಸ ಮುಗೀತು ಅಂತ.”

ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗ್ ನನಗೆ ಕೊಟ್ಟರು. ಪಕ್ಕದಲ್ಲಿ ಕೂತು ಪ್ರತಿ ಹಂಪಿಗೂ ಮುಂಚೆ ತಮ್ಮ ಬಲಗಾಲನ್ನು ಮೆಲ್ಲಗೆ ನೆಲಕ್ಕೆ ಒತ್ತುತ್ತಿದ್ದರು, ಬ್ರೇಕು ಅವರ ಕಡೆಯೂ ಇದೆಯೆಂಬಂತೆ. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಬೈಯದೆ, ಹೊಗಳದೆ, ಬರೀ ಪಾದದಲ್ಲಿ ಕಲಿಸಿದ ಮೇಷ್ಟ್ರು ನನಗೆ ಅವರೊಬ್ಬರೇ.

ಈ ವರ್ಷದ ಆರಂಭದಲ್ಲಿ ಮೂರು ದಿನ ಜ್ವರವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಹನ್ನೊಂದನೇ ದಿನದ ತಿಥಿಗೆ ಅವರ ಅಂಗಡಿಯ ಆಳುಗಳೇ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದರು. ಆಂಟಿ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದು, ಜಾಲರಿ ಸೊಟ್ಟಗಿದೆ, ಅವರಿದ್ದರೆ ಬಿಚ್ಚಿಸಿ ಕಟ್ಟಿಸುತ್ತಿದ್ದರು ಎಂದರು. ಆಳುಗಳು ಬಿಚ್ಚಿ ಕಟ್ಟಿದರು. ಆಗ ನನಗೆ ಬಹಳ ದುಃಖವಾಯಿತು.

ಎರಡು ತಿಂಗಳು ಕಾರು ಅದರ ಕೆಂಪು ಹಳದಿ ನೆರಳಿನಲ್ಲಿ ಸುಮ್ಮನೆ ನಿಂತಿತ್ತು. ಕಳೆದ ಭಾನುವಾರ ಬೆಳಗ್ಗೆ ಆರೂವರೆಗೆ ಕೆಳಗಿನಿಂದ ಕೂಗು ಬಂತು. ಈ ಸಲ ಆಂಟಿಯದು. ಅಕ್ಕನನ್ನು ನೋಡಬೇಕೆನ್ನಿಸಿದೆ, ಬರುತ್ತೀರಾ ಎಂದರು. ನಾನು ಬ್ರಷ್ಷು ಹಿಡಿದು ಕಿಂಡಿಯ ಧೂಳು ತೆಗೆದೆ, ಲೋಟ ತುಂಬಿಸಿ ಅವರ ಕೈಗಿಟ್ಟೆ. ಪ್ರತಿ ಹಂಪಿಗೂ ಮುಂಚೆ, ಇನ್ನೂ ದೂರವಿರುವಾಗಲೇ, ಬ್ರೇಕಿನ ಮೇಲೆ ಸುಮ್ಮನೆ ಕಾಲಿಟ್ಟೆ. ಆ ಹುಣಿಸೆಮರ ಬಂದಾಗ ಕಾರು ತಾನಾಗಿ ನಿಧಾನವಾಯಿತು ಎಂದುಕೊಂಡೆ, ನಿಧಾನ ಮಾಡಿದವಳು ನಾನೇ ಇರಬೇಕು.

ಹಲಗೂರಿನಲ್ಲಿ ಬಾಗಿಲು ತೆರೆದು ನೋಡಿದರೆ ಲೋಟ ಖಾಲಿ. ಎಲ್ಲಿ ಅಷ್ಟು ಕೆಟ್ಟದಾಗಿ ಬ್ರೇಕ್ ಹಾಕಿದೆ ಎಂದು ನೆನಪಿಸಿಕೊಳ್ಳುತ್ತ ಸೀಟು ಮುಟ್ಟಿದೆ, ಅವರ ಸೀರೆ ಮುಟ್ಟಿದೆ. ಎಲ್ಲ ಒಣಗಿತ್ತು. ಆಂಟಿಯೂ ಲೋಟದೊಳಗೆ ಬಗ್ಗಿ ನೋಡಿದರು, ಈಗಷ್ಟೇ ಕಂಡವರಂತೆ.

“ಚೆಲ್ಲಿಲ್ಲ ಟೀಚರಮ್ಮ,” ಎಂದರು. “ಬಾಯಾರ್ತಿತ್ತು. ಕುಡ್ದ್ಬಿಟ್ಟಿದೀನಿ.”